ಒಂದು ತಟ್ಟೆ ಹೆಚ್ಚಿಗೆ

ನಮ್ಮ ಕಡೆ ಕ್ರಿಸ್ಮಸ್ಸಿನ ಹಿಂದಿನ ರಾತ್ರಿ
ಒಂದು ತಟ್ಟೆ ಹೆಚ್ಚಿಗೆ ಇಡುತ್ತೇವೆ,
ಯಾರಾದರೂ ಬಂದರೆ ಇರಲಿ ಅಂತ.
ಮೇಜುಬಟ್ಟೆಯ ಕೆಳಗೆ ಒಣಹುಲ್ಲು ಹಾಸಿ
ಮೊದಲ ನಕ್ಷತ್ರಕ್ಕೆ ಮಕ್ಕಳನ್ನು ಕಿಟಕಿಯಲ್ಲಿ ಕಾವಲಿಟ್ಟು
ಹನ್ನೆರಡು ಬಗೆ ಬಡಿಸಿಕೊಂಡು ಕೂತಾಗ
ಆ ತಟ್ಟೆಯೆದುರು ಒಂದು ಕುರ್ಚಿ
ತುಟಿಪಿಟಕ್ಕೆನ್ನದೆ ಕೂತಿರುತ್ತದೆ.

ಮದುವೆಯಾಗಿ ಈ ಪೊಡ್ಲಾಶಿಯದ ಕಾಡಂಚಿಗೆ ಬಂದು
ಮೂವತ್ತೊಂಬತ್ತು ವರ್ಷ.
ಅಷ್ಟೂ ವರ್ಷ ಅದನ್ನು ಒರೆಸಿ ಇಟ್ಟೆ, ತೊಳೆದು ಎತ್ತಿಟ್ಟೆ.
ಯಾರೂ ಉಣ್ಣದ ತಟ್ಟೆಯನ್ನು ಯಾಕೆ ತೊಳೀತೀಯೇ
ಎಂದು ಗಂಡ ನಗುತ್ತಿದ್ದ, ಇದ್ದಾಗ.
ಅತ್ತೆ ಲೆಯೊಕಾದಿಯಾ ನಗುತ್ತಿರಲಿಲ್ಲ.
ನೀಲಿ ಅಂಚಿನ ಆ ಪಿಂಗಾಣಿ ಅವಳ ತವರಿನದು,
ಯುದ್ಧದಲ್ಲಿ ಹುಲ್ಲುಗಾಡಿಯಲ್ಲಿ ಹುದುಗಿಸಿ ತಂದದ್ದು,
ಆರರಲ್ಲಿ ಉಳಿದದ್ದು ಒಂದು.

ಅವನು ಬಂದದ್ದು ಡಿಸೆಂಬರಿನಲ್ಲಲ್ಲ.
ನವೆಂಬರು, ಮಂಗಳವಾರ.
ನಕ್ಷತ್ರವಿಲ್ಲ, ಹುಲ್ಲಿಲ್ಲ,
ಒಲೆಯ ಮೇಲೆ ನಿನ್ನೆಯ ಬೀಟ್ರೂಟ್ ಸಾರು.

ತಡೆಯಿರಿ,
ಇದೊಂದನ್ನು ನುಂಗಿಕೊಂಡರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ:
ಅದರ ಹಿಂದಿನ ವಾರವೂ ಯಾರೋ ಬಾಗಿಲು ತಟ್ಟಿದ್ದರು,
ಎರಡೇ ಸಲ, ಮೆಲ್ಲಗೆ,
ಸಾಲ ಕೇಳಲು ಬಂದವರ ಹಾಗೆ.
ನಾನು ದೀಪ ಆರಿಸಿದೆ.
ಜಪಸರ ಕೈಯಲ್ಲೇ ಇತ್ತು. ಮಣಿ ಮುಂದೆ ಸರಿಯಲಿಲ್ಲ.
ಬೆಳಿಗ್ಗೆ ಮೆಟ್ಟಿಲ ಹಿಮದಲ್ಲಿ ಹೆಜ್ಜೆಗುರುತು, ಚಿಕ್ಕದು.
ಹೆಂಗಸಿನದೋ ಮಗುವಿನದೋ ಬಗ್ಗಿ ನೋಡಲಿಲ್ಲ,
ಪೊರಕೆ ತಂದು ಗುಡಿಸಿದೆ.

ಹಾಗಾಗಿ ಮಂಗಳವಾರ ಬಾಗಿಲು ತೆರೆದದ್ದು
ಪುಣ್ಯಕ್ಕಲ್ಲ.
ಕದದ ಆಚೆ ಒಬ್ಬ ಹುಡುಗ,
ಮೊಣಕಾಲವರೆಗೆ ಜೌಗಿನ ಕೆಸರು,
ಹಲ್ಲು ಕಟಕಟ ಕಡಿಯುವ ಸದ್ದು ಬಿಟ್ಟರೆ ಬೇರೆ ಭಾಷೆಯಿಲ್ಲ.
ಎದೆ ಮುಟ್ಟಿಕೊಂಡು 'ರೇಬ್ವಾರ್' ಅಂದ.
ನಾನೂ ಎದೆ ಮುಟ್ಟಿಕೊಂಡು 'ಗೆನೊವೇಫಾ' ಅಂದೆ.
ಅಲ್ಲಿಗೆ ಪರಿಚಯ ಮುಗಿಯಿತು.

ಅಡುಗೆಮನೆಯ ತಟ್ಟೆಗಳು ತೊಳೆಯದೆ ಬಿದ್ದಿದ್ದವು.
ಅದಕ್ಕೇ ಕಪಾಟಿಗೆ ಕೈ ಹಾಕಿದೆ,
ಬೇರೆ ಯಾವ ದೊಡ್ಡ ಯೋಚನೆಯೂ ಇರಲಿಲ್ಲ.
ಸಾರಿನಲ್ಲಿ ಹಂದಿಯ ಸಾಸೇಜಿನ ತುಂಡು ನೋಡಿ
ಅವನು ಚಮಚ ಕೆಳಗಿಟ್ಟು ನನ್ನ ಮುಖ ನೋಡಿದ,
ತಪ್ಪು ತನ್ನದೇ ಎಂಬಂತೆ.
ಚೆಲ್ಲಿ, ತೊಳೆದು, ಬ್ರೆಡ್ಡು ಬೆಣ್ಣೆ ಮೊಟ್ಟೆ ಕೊಟ್ಟೆ.
ಆಮೇಲೆ ಅವನು ತಿಂದದ್ದನ್ನು ನೋಡಲಾಗದೆ
ಅವನ ಬೂಟಿಗೆ ಹಳೆಯ ಪೇಪರು ತುರುಕುತ್ತ ಕೂತೆ.

ರಸ್ತೆಯಲ್ಲಿ ಕಾವಲುಪಡೆಯ ಜೀಪು ಹಾದಾಗ
ದೀಪ ಆರಿಸಿದೆ.
ಅದೇ ಕೈ, ಅದೇ ಸ್ವಿಚ್ಚು.

ಬೆಳಕು ಹರಿಯುವ ಮುಂಚೆ ಹೊರಟ,
ಗಂಡನ ಉಣ್ಣೆಯ ಕೋಟು ತೊಟ್ಟು.
ಮುಂಗೈ ಮೇಲೆ ಯಾರದೋ ಫೋನ್ ನಂಬರು ಬರೆದಿತ್ತು,
ಕೊನೆಯ ಎರಡು ಅಂಕೆ ನೀರಿಗೆ ಅಳಿಸಿದ್ದವು.
ಮುಟ್ಟಿದನೋ ಇಲ್ಲವೋ, ತಿಳಿಯದು.

ಪಾಪನಿವೇದನೆಯಲ್ಲಿ ಎಲ್ಲ ಹೇಳಿದೆ.
'ಬಂದವನು ಕ್ರಿಸ್ತನೇ ತಾಯಿ' ಅಂದರು ಗುರುಗಳು, ಒಳ್ಳೆಯ ಮನಸ್ಸಿನಿಂದಲೇ.
ಇರಬಹುದು.
ಆದರೆ ಕ್ರಿಸ್ತನೆಂದರೆ ನನಗೆ ಸಲೀಸು, ಗುರುಗಳೇ,
ಅವನನ್ನು ಎಲ್ಲಿ ಕೂರಿಸಬೇಕೆಂದು ಚಿಕ್ಕಂದಿನಿಂದ ಗೊತ್ತು.
ಇವನು ರೇಬ್ವಾರ್. ಮೂಗು ಸೋರುತ್ತಿತ್ತು.
ಮೊಟ್ಟೆಗೆ ಉಪ್ಪು ಜಾಸ್ತಿ ಹಾಕಿಕೊಂಡ.
ಅವನ ಹೆಸರು ಅವನಿಗೇ ಇರಲಿ.

ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಎಲ್ಲರೂ ಬಂದರು.
ತೊಂಬತ್ತು ದಾಟಿದ ಅತ್ತೆ
ತಟ್ಟೆಯನ್ನು ದೀಪಕ್ಕೆ ಹಿಡಿದಳು:
'ಗೀರು ಬಿದ್ದಿದೆಯಲ್ಲೇ, ಯಾರು ಉಂಡದ್ದು ಇದರಲ್ಲಿ?'
'ಅದು ಯಾರಿಗೆಂದು ಇಟ್ಟಿತ್ತೋ ಅವರೇ' ಅಂದೆ.
ಅವಳು ಹೆಬ್ಬೆರಳಿನಿಂದ ಗೀರನ್ನು ಸವರಿದಳು,
ಮತ್ತೆ ಸವರಿದಳು,
ರೊಟ್ಟಿ ಮುರಿದು ಹಂಚುವಾಗ ಒಂದು ಚೂರು ಅಲ್ಲಿಟ್ಟಳು.

ಈಗೀಗ ರಾತ್ರಿಯೆಲ್ಲ ಅಂಗಳದ ದೀಪ ಉರಿಸುತ್ತೇನೆ.
ಹಿಮ ಬಿದ್ದರೆ
ಮೆಟ್ಟಿಲು ಗುಡಿಸುವುದಿಲ್ಲ.